ಅಬಿಂಗ್ಡನ್ ಊರಿನ ಕಾರೂ ಅದರ ಮುಂಗಾಲೂ

ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದಿಂದ ದಕ್ಷಿಣಕ್ಕೆ ಹತ್ತು ಕಿಲೋಮೀಟರ್ ಸಾಗಿದರೆ ಥೇಮ್ಸ್ ನದಿಯ ದಂಡೆಯ ಮೇಲೆ ಅಬಿಂಗ್ಡನ್ ಎಂಬ ಪುಟ್ಟ ಪಟ್ಟಣ ಸಿಗುತ್ತದೆ. ಆಕ್ಸ್‌ಫರ್ಡ್ ನೋಡಲು ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಇತ್ತ ತಲೆ ಹಾಕುವುದಿಲ್ಲ. ಅಲ್ಲಿನ ವಿದ್ಯಾಪೀಠದ ಗೋಪುರಗಳನ್ನು ಕಂಡು, ಫೋಟೋ ಹಿಡಿದು, ಸಂಜೆಯ ರೈಲಿಗೆ ಲಂಡನ್ನಿಗೆ ಮರಳಿಬಿಡುತ್ತಾರೆ. ಮಗಳು ಮತ್ತು ಅಳಿಯ ಅಬಿಂಗ್ಡನ್ನಿನಲ್ಲಿ ಮನೆ ಮಾಡಿರುವುದರಿಂದ ಒಂದು ಬೇಸಿಗೆ ರಜೆಯನ್ನು ನಾನು ಅಲ್ಲಿಯೇ ಕಳೆಯುವಂತಾಯಿತು.

ಊರು ಹಳೆಯದು. ಬ್ರಿಟನ್ನಿನಲ್ಲಿ ಜನವಸತಿ ಎಂದೂ ತಪ್ಪದೆ ನಡೆದುಬಂದ ಅತ್ಯಂತ ಪುರಾತನ ಪಟ್ಟಣ ತಮ್ಮದೇ ಎಂದು ಇಲ್ಲಿನವರು ಹೆಮ್ಮೆಪಡುತ್ತಾರೆ. ಇಲ್ಲಿದ್ದ ದೊಡ್ಡ ಕ್ರೈಸ್ತ ಮಠವನ್ನು 1538ರಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ ಮುಚ್ಚಲಾಯಿತು. ಉಳಿದಿರುವ ಕೆಲವು ಕಟ್ಟಡಗಳು ಇಂದಿಗೂ ನದಿಯ ಬದಿಯಲ್ಲಿ ನಿಂತಿವೆ. ಸೇಂಟ್ ಹೆಲೆನ್ಸ್ ಚರ್ಚಿನ ವೈಶಿಷ್ಟ್ಯವೆಂದರೆ ಅದರ ಉದ್ದಕ್ಕಿಂತ ಅಗಲವೇ ಹೆಚ್ಚು. ಪೇಟೆಯ ನಡುವೆ ಎತ್ತರದ ಕಂಬಗಳ ಮೇಲೆ ನಿಂತಿರುವ ಕೌಂಟಿ ಹಾಲ್ 1678ರಿಂದ 1682ರ ನಡುವೆ ಕಟ್ಟಿದ್ದು. ರಾಜಮನೆತನದಲ್ಲಿ ಪಟ್ಟಾಭಿಷೇಕದಂಥ ಸಂಭ್ರಮವಿದ್ದಾಗ ಊರಿನ ಮುಖಂಡರು ಈ ಕಟ್ಟಡದ ಮಾಳಿಗೆ ಹತ್ತಿ ಕೆಳಗೆ ನೆರೆದ ಜನರತ್ತ ದ್ರಾಕ್ಷಿ ಬನ್ನುಗಳನ್ನು ಎಸೆಯುವ ಪದ್ಧತಿ ಇದೆ! ನಮ್ಮ ರಥೋತ್ಸವದಲ್ಲಿ ತೇರಿಗೆ ಬಾಳೆಹಣ್ಣು ಎಸೆಯುವುದನ್ನು ಕಂಡವರಿಗೆ ಇದೇನೂ ವಿಚಿತ್ರವೆನಿಸದು, ದಿಕ್ಕು ಮಾತ್ರ ತಿರುಗುಮುರುಗು.

ಆ ಕೌಂಟಿ ಹಾಲ್ ಈಗ ವಸ್ತು ಸಂಗ್ರಹಾಲಯ. ಮುನ್ನೂರು ವರ್ಷ ದಾಟಿದ ಆ ಕಟ್ಟಡದೊಳಗೆ ಹಳೆಯ ನಾಣ್ಯ, ಮಡಕೆಗಳ ಜೊತೆಗೆ ಒಂದು ಕಾರನ್ನೂ ಇಟ್ಟಿದ್ದಾರೆ. ಅದು ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರು. ಅದೇಕೆ ಅಲ್ಲಿದೆ ಎಂದು ವಿಚಾರಿಸಹೊರಟ ನನಗೆ ಆ ಊರಿನ ಇನ್ನೊಂದು ಚರಿತ್ರೆ ತೆರೆದುಕೊಂಡಿತು.

ಎಂಟು ಮೂಲೆಯ ಲಾಂಛನ

ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮಾರಿಸ್‌ಗೆ ಸೇರಿದ್ದ ಕಾರು ಮಾರಾಟದ ಮಳಿಗೆಯ ಹೆಸರದು. ಅದರ ವ್ಯವಸ್ಥಾಪಕನಾಗಿದ್ದ ಸೆಸಿಲ್ ಕಿಂಬರ್ ಸಾಧಾರಣ ಮಾರಿಸ್ ಕಾರುಗಳಿಗೆ ಚೆಂದದ, ಹಗುರಾದ ಮೈಕಟ್ಟು ತೊಡಿಸಿ ಮಾರತೊಡಗಿದ. ಬೇಡಿಕೆ ಬೆಳೆದು, 1929ರಲ್ಲಿ ಕಾರ್ಖಾನೆ ಅಬಿಂಗ್ಡನ್ನಿಗೆ ಬಂತು. ಅಲ್ಲಿಂದ ಐವತ್ತು ವರ್ಷ ಈ ಊರೆಂದರೆ ಎಂ.ಜಿ., ಎಂ.ಜಿ. ಎಂದರೆ ಈ ಊರು. 1962ರಲ್ಲಿ ಬಂದ ಎಂ.ಜಿ.ಬಿ. ಮಾದರಿಯೊಂದೇ ಐದು ಲಕ್ಷಕ್ಕೂ ಮೀರಿ ತಯಾರಾಯಿತು. ಅದರಲ್ಲಿ ಬಹುಪಾಲು ಅಮೆರಿಕಕ್ಕೆ ಹೋಯಿತು.

1979ರ ಸೆಪ್ಟೆಂಬರಿನಲ್ಲಿ ಕಾರ್ಖಾನೆಯ ಸುವರ್ಣ ಮಹೋತ್ಸವ ನಡೆಯಿತು. ಊರೆಲ್ಲ ಮೆರವಣಿಗೆ, ಬ್ಯಾಂಡು. ಅದರ ಬೆನ್ನಲ್ಲೇ ಒಡೆಯರಾದ ಬ್ರಿಟಿಷ್ ಲೇಲ್ಯಾಂಡ್ ಸಂಸ್ಥೆಯಿಂದ ಕಾರ್ಖಾನೆ ಮುಚ್ಚುವ ಪ್ರಕಟಣೆ ಬಂತು! 1980ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಈಗ ಆ ಜಾಗದಲ್ಲಿ ಕಚೇರಿಗಳೂ ಗೋದಾಮುಗಳೂ ಇವೆ. ಎಂ.ಜಿ. ಕಾರ್ ಕ್ಲಬ್ಬಿನ ಕಚೇರಿ ಮಾತ್ರ ಕಿಂಬರ್ ಹೌಸ್ ಎಂಬ ಹೆಸರಿನಲ್ಲಿ ಹತ್ತಿರದಲ್ಲೇ ಇದೆ. ಬೆಂಗಳೂರಿನ ರಸ್ತೆಗಳಲ್ಲಿ 2019ರಿಂದ ಓಡುತ್ತಿರುವ ಎಂ.ಜಿ. ಕಾರುಗಳ ಮೂತಿಯ ಮೇಲಿನ ಅಷ್ಟಕೋನದ ಲಾಂಛನ ಇದೇ. ಹೆಸರು ಕೈಯಿಂದ ಕೈಗೆ ದಾಟಿ ಈಗ ಚೀನಾದ ಸಂಸ್ಥೆಯೊಂದರ ಪಾಲಾಗಿದೆ, ಅಷ್ಟೇ.

ನಮಗೆ ಇನ್ನೂ ಹತ್ತಿರದ ನಂಟೊಂದಿದೆ. ಎಂ.ಜಿ.ಬಿ.ಯ 1798 ಸಿ.ಸಿ. ಎಂಜಿನ್ ‘ಬಿ ಸೀರೀಸ್’ ವಂಶದ್ದು. ನಮ್ಮ ಅಂಬಾಸಡರ್ ಕಾರಿನ 1489 ಸಿ.ಸಿ. ಎಂಜಿನ್ನೂ ಅದೇ ವಂಶದ ಕುಡಿ. 2014ರಲ್ಲಿ ಅಂಬಾಸಡರ್ ನಿಲ್ಲುವವರೆಗೆ ಅದರ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಕಾರಿನ ರೂಪ ನಮ್ಮ ನಡುವೆ ಓಡಾಡಿಕೊಂಡೇ ಇತ್ತು. ಆ ಕಾರು ಹುಟ್ಟಿದ ಕೌಲಿ, ಅಬಿಂಗ್ಡನ್ನಿನಿಂದ ಕೂಗಳತೆಯ ದೂರ. ಹೀಗಾಗಿ ಈ ಊರಿನಲ್ಲಿ ಹಳೆಯ ಕಾರೊಂದು ಎದುರಾದಾಗ, ದೂರದ ಸಂಬಂಧಿಕರ ಮನೆಗೆ ಬಂದಂತೆ ನನಗೆ ಅನ್ನಿಸುತ್ತಿತ್ತು.

ಸ್ಪ್ರಿಂಗ್ ನುಂಗುತ್ತದೆ, ಎಣ್ಣೆ ಅರಗಿಸುತ್ತದೆ

ಮಗಳ ಮನೆಯಿಂದ ಮೂರನೆಯ ಮನೆಯ ಯಜಮಾನರು ಎಪ್ಪತ್ತರ ಆಸುಪಾಸಿನವರು. 1973ರಲ್ಲಿ ಹುಡುಗನಾಗಿದ್ದಾಗಲೇ ಎಂ.ಜಿ. ಕಾರ್ಖಾನೆಗೆ ಸೇರಿ, ಅದು ಮುಚ್ಚುವ ದಿನದವರೆಗೂ ಅಲ್ಲಿ ದುಡಿದವರು. ಅವರ ಗ್ಯಾರೇಜಿನಲ್ಲಿ 1975ರ ಹಸಿರು ಬಣ್ಣದ, ತೆರೆದ ಮೇಲ್ಛಾವಣಿಯ ಎಂ.ಜಿ.ಬಿ. ಇದೆ. ಕಣ್ಣಿನ ದೃಷ್ಟಿ ಮಂಜಾಗುತ್ತಿರುವ ಕಾರಣ ಅವರು ಕಾರು ಓಡಿಸುವುದನ್ನು ಬಿಟ್ಟಿದ್ದಾರೆ. ಅದನ್ನು ಮೊಮ್ಮಗಳಿಗೆ ಕೊಡುವುದೆಂದು ತೀರ್ಮಾನವಾಗಿತ್ತು. ಆಕೆ ಆಸ್ಪತ್ರೆಯೊಂದರಲ್ಲಿ ದಾದಿ. ವಾರಾಂತ್ಯಕ್ಕೆ ಮಾತ್ರವಲ್ಲ, ಕೆಲಸಕ್ಕೂ ಅದರಲ್ಲೇ ಹೋಗುವ ಹುಮ್ಮಸ್ಸು ಆಕೆಗೆ.

ಕಾರಿನ ಮುಂಭಾಗ ಮಾತ್ರ ಹದದಲ್ಲಿರಲಿಲ್ಲ. ನಾನೂ ಒಮ್ಮೆ ಅದರಲ್ಲಿ ಕುಳಿತು ಹೋಗಿದ್ದೆ. ವೃತ್ತಗಳಲ್ಲಿ ತಿರುಗುವಾಗ ಕಬ್ಬು ಹೇರಿದ ಗಾಡಿಯಂತೆ ಒಂದು ಪಕ್ಕಕ್ಕೆ ವಾಲುತ್ತಿತ್ತು. ಉಬ್ಬು ದಾಟಿದ ಮೇಲೂ ಮೂತಿ ಮೇಲೆ ಕೆಳಗೆ ತೂಗುತ್ತಿತ್ತು. ಸ್ಟೇರಿಂಗ್ ಚಕ್ರದಲ್ಲಿ ಸಣ್ಣ ನಡುಕವೂ ಇತ್ತು.

ಇಂಗ್ಲೆಂಡಿನಲ್ಲಿ ನಲವತ್ತು ವರ್ಷ ದಾಟಿದ ಕಾರುಗಳಿಗೆ 2018ರ ಮೇ ತಿಂಗಳಿಂದ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ಇದೆ, ಅವುಗಳ ಮೂಲ ರಚನೆಯನ್ನು ದೊಡ್ಡದಾಗಿ ಬದಲಿಸಿರಬಾರದು ಅಷ್ಟೇ. ಆದರೆ ಕಾರನ್ನು ರಸ್ತೆಗೆ ಯೋಗ್ಯವಾಗಿ ಇಟ್ಟುಕೊಳ್ಳುವ ಹೊಣೆ ಮಾಲೀಕರಿಂದ ತಪ್ಪುವುದಿಲ್ಲ. ಅಂದರೆ, ಪರೀಕ್ಷಿಸುವ ಕಣ್ಣು ಇಲ್ಲದ ಕಡೆ ಮನೆಯವರೇ ಪರೀಕ್ಷಕರು. ಮೊಮ್ಮಗಳ ಪ್ರಾಣದ ಪ್ರಶ್ನೆ. ಆದ್ದರಿಂದಲೇ ತಾತ ಮೊಮ್ಮಗಳ ನಡುವೆ ವಾದ ಬಿಸಿಯಾಗಿತ್ತು.

ವಾದವೇನೆಂದು ತಿಳಿಯಲು ಆ ಕಾರಿನ ಮುಂಗಾಲಿನ ಕಟ್ಟನ್ನು ಸ್ವಲ್ಪ ನೋಡಬೇಕು. ಪ್ರತಿ ಮುಂಗಾಲಿಯ ಹಿಂದೆ ನೆಟ್ಟಗೆ ನಿಂತ ಉಕ್ಕಿನ ಗೂಟವೊಂದಿದೆ. ಅದೇ ಕಿಂಗ್ ಪಿನ್. ಸ್ಟೇರಿಂಗ್ ತಿರುಗಿಸಿದಾಗ ಗಾಲಿ ಇದರ ಸುತ್ತ ತಿರುಗುತ್ತದೆ. ಗೂಟದ ಬುಡವನ್ನು ಕವಲಿನಾಕಾರದ ತೋಳೊಂದು ಹಿಡಿದುಕೊಂಡಿದೆ. ಆ ತೋಳಿನ ಮೇಲೆ ದಪ್ಪ ಕಾಯಿಲ್ ಸ್ಪ್ರಿಂಗ್ ಕುಳಿತು ಕಾರಿನ ಭಾರ ಹೊರುತ್ತದೆ. ಗೂಟದ ತಲೆಯನ್ನು ಹಿಡಿಯುವುದು ಇನ್ನೊಂದು ತೋಳು. ವಿಶೇಷವೆಂದರೆ ಆ ಮೇಲಿನ ತೋಳೇ ಷಾಕ್ ಅಬ್ಸಾರ್ಬರಿನ ಸನ್ನೆಗೋಲು. ಗಾಲಿ ಎದ್ದು ಬಿದ್ದಂತೆ ತೋಳು ಆಡುತ್ತದೆ. ಅದು ಡಬ್ಬಿಯೊಳಗಿನ ಪಿಸ್ಟನ್ನುಗಳನ್ನು ತಳ್ಳಿ, ಕಿರಿದಾದ ಕವಾಟದ ಮೂಲಕ ಎಣ್ಣೆಯನ್ನು ಹಾಯಿಸುತ್ತದೆ.

ಸ್ಪ್ರಿಂಗ್ ಇದ್ದ ಮೇಲೆ ಇದೇಕೆ ಎಂದು ಹತ್ತನೇ ತರಗತಿಯ ಹುಡುಗರೂ ಕೇಳುವುದುಂಟು. ಸ್ಪ್ರಿಂಗ್ ರಸ್ತೆಯ ಪೆಟ್ಟನ್ನು ನುಂಗುತ್ತದೆ. ಆದರೆ ನುಂಗಿದ ಶಕ್ತಿಯನ್ನು ಇಟ್ಟುಕೊಳ್ಳಲಾರದೆ ಮರಳಿ ಕೊಡುತ್ತದೆ. ಉಯ್ಯಾಲೆಯನ್ನು ಒಮ್ಮೆ ತಳ್ಳಿ ಬಿಟ್ಟರೆ ತೂಗುತ್ತಲೇ ಇರುವಂತೆ ಕಾರೂ ತೂಗುತ್ತದೆ. ಆ ಶಕ್ತಿಯನ್ನು ಶಾಖವನ್ನಾಗಿ ಮಾರ್ಪಡಿಸಿ ಗಾಳಿಗೆ ಬಿಟ್ಟುಕೊಡುವುದು ಎಣ್ಣೆಯ ಕೆಲಸ. ಸ್ಪ್ರಿಂಗ್ ನುಂಗುತ್ತದೆ, ಎಣ್ಣೆ ಅರಗಿಸುತ್ತದೆ.

ಈ ಕಟ್ಟಿನ ಮೂಲ 1947ರಲ್ಲಿ ಬಂದ ಎಂ.ಜಿ. ವೈ ಮಾದರಿಯದು. ಮುಂದೆ ಮಿನಿ ಕಾರಿನಿಂದ ಜಗತ್ಪ್ರಸಿದ್ಧನಾದ ಅಲೆಕ್ ಇಸಿಗೊನಿಸ್ ಮತ್ತು ಅವನ ಸಹೋದ್ಯೋಗಿ ಜ್ಯಾಕ್ ಡೇನಿಯಲ್ಸ್ ಅದನ್ನು ರೂಪಿಸಿದ್ದರು. ಸಣ್ಣಪುಟ್ಟ ಮಾರ್ಪಾಡುಗಳೊಂದಿಗೆ ಅದೇ ವಿನ್ಯಾಸ 1980ರವರೆಗೂ ನಡೆಯಿತು.

ಯಾವುದು ಮೂಲ?

ಮೊಮ್ಮಗಳ ವಾದ ಸರಳವಾಗಿತ್ತು. ಹಳೆಯ ಸನ್ನೆಗೋಲಿನ ಷಾಕ್ ಅಬ್ಸಾರ್ಬರ್ ಹಿಂದಿನ ಕಾಲದ್ದು, ಈಗಿನ ಕಾರುಗಳಲ್ಲಿರುವ ಕೊಳವೆಯಾಕಾರದವನ್ನು ಜೋಡಿಸುವ ತಯಾರಿ ಕಿಟ್ಟುಗಳು ಸಿಗುತ್ತವೆ, ಅದನ್ನೇ ಹಾಕಿಬಿಡೋಣ. ತಾತನದು ಅಷ್ಟೇ ಗಟ್ಟಿ: “ಈ ಕಾರು ನಮ್ಮ ಗೇಟು ದಾಟಿ ಹೋದಾಗ ಹೇಗಿತ್ತೋ ಹಾಗೆಯೇ ಇರಬೇಕು.”

“ತಾತ, ಗೇಟು ದಾಟಿದಾಗ ಇದಕ್ಕೆ ಆ್ಯಂಟಿ ರೋಲ್ ಬಾರ್ ಇತ್ತೇ?” ಎಂದು ಆಕೆ ಕೇಳಿದಳು.

ಅವರು ತುಸು ಹೊತ್ತು ಸುಮ್ಮನಿದ್ದು, “ಇರಲಿಲ್ಲಮ್ಮ, ಆ ವರ್ಷ ತೆಗೆದುಬಿಟ್ಟಿದ್ದರು” ಎಂದರು.

ಇದರ ಹಿಂದೆ ಒಂದು ಕಥೆಯಿದೆ. 1974ರ ಹೊತ್ತಿಗೆ ಅಮೆರಿಕದಲ್ಲಿ ಬಂಪರುಗಳ ಬಲ ಮತ್ತು ಎತ್ತರದ ಬಗ್ಗೆ ಹೊಸ ಕಟ್ಟಳೆಗಳು ಬಂದವು. ಎಂ.ಜಿ.ಬಿ.ಯ ಹೊಳೆಯುವ ಕ್ರೋಮ್ ಬಂಪರ್ ಹೋಗಿ ಭಾರವಾದ ಕಪ್ಪು ಬಂಪರ್ ಬಂತು. ಮುಂದೀಪಗಳೂ ನಿಗದಿತ ಎತ್ತರಕ್ಕೆ ಬರಲೆಂದು ಇಡೀ ಕಾರನ್ನೇ ಒಂದು ಒಂದೂವರೆ ಅಂಗುಲದಷ್ಟು ಮೇಲೆತ್ತಿದರು. ಸಾಲದ್ದಕ್ಕೆ, ಖರ್ಚು ಉಳಿಸಲೆಂದು ತೆರೆದ ಕಾರುಗಳಿಂದ ಮುಂದಿನ ಆ್ಯಂಟಿ ರೋಲ್ ಬಾರನ್ನೂ ಕೈಬಿಟ್ಟರು. ಬೇಕಾದವರು ಹೆಚ್ಚಿನ ಹಣ ತೆತ್ತು ಹಾಕಿಸಿಕೊಳ್ಳಬೇಕಿತ್ತು. ಗುರುತ್ವ ಕೇಂದ್ರ ಏರಿತು, ವಾಲುವುದನ್ನು ತಡೆಯುವ ಸರಳು ಹೋಯಿತು. ಕಾರು ಪಲ್ಟಿ ಹೊಡೆಯುತ್ತಿರಲಿಲ್ಲ, ನಿಜ. ಆದರೆ ತಿರುವುಗಳಲ್ಲಿ ಅದರ ಹಿಂದಿನ ಗಾಂಭೀರ್ಯ ಉಳಿಯಲಿಲ್ಲ. 1977ರ ಮಾದರಿಯಲ್ಲಿ ಸರಳನ್ನು ಮತ್ತೆ ಕೊಟ್ಟರು.

ಈ ಸರಳಿನ ಕೆಲಸ ಸೊಗಸಾದದ್ದು. ಎಡಗಾಲಿಯಿಂದ ಬಲಗಾಲಿಗೆ ಅಡ್ಡಲಾಗಿ ಹೋಗುವ ಉಕ್ಕಿನ ಬಾಗಿದ ಸರಳು ಅದು. ಎರಡು ಗಾಲಿಗಳೂ ಒಟ್ಟಿಗೆ ಉಬ್ಬು ಹತ್ತಿದರೆ ಸುಮ್ಮನೆ ಹೊರಳುತ್ತದೆ, ಏನೂ ಅಡ್ಡಿಪಡಿಸುವುದಿಲ್ಲ. ಒಂದು ಗಾಲಿ ಮೇಲೆದ್ದು ಇನ್ನೊಂದು ಕೆಳಗಿಳಿದರೆ ಮಾತ್ರ ತಿರುಚಿಕೊಂಡು ಎದುರು ನಿಲ್ಲುತ್ತದೆ. ಜೋಡೆತ್ತುಗಳ ಹೆಗಲ ಮೇಲಿನ ನೊಗದಂತೆ ಎನ್ನಬಹುದು. ದಪ್ಪ ಸ್ವಲ್ಪ ಹೆಚ್ಚಿದರೂ ಬಿಗಿ ಬಹಳ ಹೆಚ್ಚುತ್ತದೆ. ಏಕೆಂದರೆ ತಿರುಚುವಿಕೆಗೆ ಒಡ್ಡುವ ಪ್ರತಿರೋಧ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. 14.3 ಮಿಲಿಮೀಟರಿನ ಸರಳಿನ ಜಾಗಕ್ಕೆ 19 ಮಿಲಿಮೀಟರಿನದನ್ನು ಹಾಕಿದರೆ ದಪ್ಪ ಮೂರನೇ ಒಂದು ಪಾಲು ಹೆಚ್ಚಿದರೂ ಬಿಗಿ ಮೂರು ಪಟ್ಟು ದಾಟುತ್ತದೆ! ಹೆಚ್ಚಾದಷ್ಟೂ ಒಳ್ಳೆಯದೆಂದೇನಲ್ಲ. ಮುಂಭಾಗ ಅತಿ ಬಿಗಿಯಾದರೆ ತಿರುವಿನಲ್ಲಿ ಮೂತಿ ಹೊರಕ್ಕೇ ಜಾರತೊಡಗುತ್ತದೆ.

ಹಾಗಾದರೆ ಮೂಲ ಎಂದರೆ ಯಾವುದು? 1975ರಲ್ಲಿ ಗೇಟು ದಾಟಿದ್ದೇ? 1962ರಲ್ಲಿ ಅದನ್ನು ರೂಪಿಸಿದವರು ಬಯಸಿದ್ದೇ? ಈ ಪ್ರಶ್ನೆ ಎದ್ದ ಮೇಲೆ ವಾದದ ಬಿಸಿ ಇಳಿಯಿತು. ಮೊದಲು ಕಾರಿನ ನಾಡಿ ಹಿಡಿದು ನೋಡುವುದು, ಆಮೇಲೆ ಔಷಧ ಎಂದು ಮೂವರೂ ಒಪ್ಪಿದೆವು.

ಒಂದೊಂದೇ ಭಾಗ

ಮುಂಗಾಲಿಯನ್ನು ಜಾಕ್ ಕೊಟ್ಟು ಎತ್ತಿ, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಕಾರನ್ನು ನಿಲ್ಲಿಸಿದರು. ಹಿರಿಯರು ಗಾಲಿಯ ನೆತ್ತಿ ಮತ್ತು ಬುಡವನ್ನು ಹಿಡಿದು ಅಲುಗಿಸಿದರು. ಟಕ್ ಟಕ್ ಎಂದಿತು. ಆಮೇಲೆ ಮೊಮ್ಮಗಳು ಬ್ರೇಕ್ ಒತ್ತಿ ಹಿಡಿದಳು. ಮತ್ತೆ ಅಲುಗಿಸಿದರು. ಅಲುಗಾಟ ನಿಂತರೆ ದೋಷ ಗಾಲಿಯ ಬೇರಿಂಗಿನದು. ನಿಲ್ಲದಿದ್ದರೆ ಕಿಂಗ್ ಪಿನ್ನಿನದು. ಎಡಗಡೆಯದು ನಿಲ್ಲಲಿಲ್ಲ. ಪ್ರಯೋಗಾಲಯದಲ್ಲಿ ಒಂದು ಅಂಶವನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಪರೀಕ್ಷಿಸಿ ಎಂದು ನಾವು ಹೇಳಿಕೊಡುವುದು ಇದನ್ನೇ ಅಲ್ಲವೇ?

ಕಿಂಗ್ ಪಿನ್ ಸವೆಯುವುದು ಗ್ರೀಸ್ ಕಾಣದೆ. ಪ್ರತಿ ಬದಿಯಲ್ಲಿ ಮೂರು ಗ್ರೀಸ್ ನಿಪ್ಪಲ್‌ಗಳಿವೆ. ಗಾಲಿ ನೆಲದ ಮೇಲಿದ್ದಾಗ ಗ್ರೀಸ್ ಹೊಡೆದರೆ ಭಾರ ಹೊರುವ ಮುಖಕ್ಕೆ ಅದು ತಲುಪದು. ಗಾಲಿಯನ್ನು ಎತ್ತಿ, ಭಾರ ಇಳಿಸಿ ಹೊಡೆಯಬೇಕು. ಹೊಸ ಬಿಡಿಭಾಗಕ್ಕೆ ಹಣ ಸುರಿಯುವ ಎಷ್ಟೋ ಜನ ಈ ಪುಕ್ಕಟೆ ಉಪಚಾರವನ್ನು ಮರೆಯುತ್ತಾರೆ ಎಂದು ಹಿರಿಯರು ನಕ್ಕರು.

ಕೆಳತೋಳಿನ ರಬ್ಬರ್ ಬುಷ್‌ಗಳು ಒಣಗಿ ಬಿರುಕು ಬಿಟ್ಟಿದ್ದವು. ಷಾಕ್ ಅಬ್ಸಾರ್ಬರಿನ ಒಂದು ಸೀಲಿನಿಂದ ಎಣ್ಣೆ ಒಸರಿ ಮಣ್ಣು ಮೆತ್ತಿತ್ತು. ಕಾರನ್ನು ನೆಲಕ್ಕಿಳಿಸಿ ನಾನು ಅದರ ಮೂತಿಯನ್ನು ಒತ್ತಿ ಬಿಟ್ಟೆ. ಮೂರು ಸಲ ತೂಗಿ ನಿಂತಿತು. ಚೆನ್ನಾಗಿರುವ ಕಾರು ಒಮ್ಮೆ ಎದ್ದು ಕೂತುಬಿಡಬೇಕು.

ರೋಗ ತಿಳಿದ ಮೇಲೆ ಪಟ್ಟಿ ಸಿದ್ಧವಾಯಿತು. ಎರಡೂ ಬದಿಗೆ ಹೊಸ ಕಿಂಗ್ ಪಿನ್. ಹಳೆಯ ರಬ್ಬರಿನ ಬದಲು, 1973ರಿಂದ 1976ರವರೆಗೆ ಬಂದ ವಿ-8 ಎಂಜಿನ್ನಿನ ಎಂ.ಜಿ.ಬಿ.ಗಾಗಿ ಮಾಡಿದ, ಉಕ್ಕಿನ ತೋಳಿಗೆ ರಬ್ಬರ್ ಬೆಸೆದ ಗಟ್ಟಿ ಬುಷ್. ಪಾಲಿಯೂರಿಥೇನ್ ಬುಷ್‌ಗಳೂ ಸಿಗುತ್ತವೆ. ಎಣ್ಣೆಗೆ ಕೆಡುವುದಿಲ್ಲ, ಆಕಾರ ಬಿಡುವುದಿಲ್ಲ. ಆದರೆ ರಸ್ತೆಯ ಒರಟುತನವನ್ನು ಹೆಚ್ಚಾಗಿ ಒಳಕ್ಕೆ ಸಾಗಿಸುತ್ತವೆ, ಕೆಲವೊಮ್ಮೆ ಕಿರುಗುಟ್ಟುತ್ತವೆ. ದಿನವೂ ಕೆಲಸಕ್ಕೆ ಹೋಗುವ ಕಾರಿಗೆ ಅದು ಬೇಡವೆಂದಾಯಿತು. ಷಾಕ್ ಅಬ್ಸಾರ್ಬರುಗಳನ್ನು ದುರಸ್ತಿ ಮಾಡಿ ಕೊಡುವವರಿಂದ ಬದಲಿ ತರಿಸಿದರು. ಜೊತೆಗೆ ಆ್ಯಂಟಿ ರೋಲ್ ಬಾರ್, ಮತ್ತು ಒಂದು ಅಂಗುಲದಷ್ಟು ತಗ್ಗಿಸುವ ಸ್ಪ್ರಿಂಗ್. ಕೊಳವೆಯಾಕಾರದ ಕಿಟ್ಟಿನ ವಿಚಾರ ಎಲ್ಲ ಮುಗಿದ ಮೇಲೆ ನೋಡುವುದೆಂದು ಮುಂದಕ್ಕೆ ಹೋಯಿತು.

ಇದರಲ್ಲಿ ಅತ್ಯಂತ ಅಪಾಯದ ಕೆಲಸ ಸ್ಪ್ರಿಂಗ್ ಬಿಚ್ಚುವುದು. ಒತ್ತಿ ಕುಳಿತ ಸ್ಪ್ರಿಂಗಿನಲ್ಲಿ ಅಡಗಿರುವ ಶಕ್ತಿ, ಅದು ಕುಗ್ಗಿದ ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಎರಡು ಪಟ್ಟು ಕುಗ್ಗಿದ್ದರೆ ನಾಲ್ಕು ಪಟ್ಟು ಶಕ್ತಿ. ಕೈತಪ್ಪಿ ಹಾರಿದರೆ ಮೂಳೆ ಮುರಿಯುವುದು ಖಂಡಿತ. ಹಿರಿಯರು ಕೆಳತಟ್ಟೆಗೆ ಜಾಕಿನ ಆಸರೆ ಕೊಟ್ಟು, ಉದ್ದನೆಯ ಬೋಲ್ಟುಗಳನ್ನು ತೂರಿಸಿ, ಅವನ್ನು ಸುತ್ತು ಸುತ್ತಾಗಿ ಸಡಿಲಿಸುತ್ತ ಸ್ಪ್ರಿಂಗಿನ ಸಿಟ್ಟನ್ನು ಇಳಿಸಿದರು. ಆ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ದೃಷ್ಟಿ ಮಂದವಾದರೂ ಆ ಬೆರಳುಗಳಿಗೆ ದಾರಿ ಗೊತ್ತಿತ್ತು. ಎರಡನೆಯ ಬದಿಯನ್ನು ಅವರು ಮೊಮ್ಮಗಳ ಕೈಗೇ ಬಿಟ್ಟು, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತರು.

ಇನ್ನೊಂದು ಸೂಕ್ಷ್ಮ. ಹೊಸ ಬುಷ್‌ಗಳ ನಟ್ಟನ್ನು ಗಾಲಿ ನೇತಾಡುತ್ತಿರುವಾಗ ಬಿಗಿಯಬಾರದು. ಕಾರು ನೆಲಕ್ಕಿಳಿದು, ತನ್ನ ಭಾರದಲ್ಲಿ ನಿಂತ ಮೇಲೆಯೇ ಕೊನೆಯ ಬಿಗಿ. ಇಲ್ಲವಾದರೆ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲಿದ್ದು ಬೇಗ ಹರಿಯುತ್ತದೆ. ಮೂರು ದಿನದಲ್ಲಿ ಕೆಲಸ ಮುಗಿಯಿತು. ನಾಲ್ಕನೆಯ ದಿನ ಗ್ಯಾರೇಜೊಂದರಲ್ಲಿ ಗಾಲಿಗಳ ನೇರ ನೋಡಿಸಿ, ಕಾನೂನು ಕೇಳದಿದ್ದರೂ ವಾರ್ಷಿಕ ತಪಾಸಣೆಯನ್ನೂ ಮಾಡಿಸಿಕೊಂಡು ಬಂದರು. ಅದು ಮೊಮ್ಮಗಳ ಹಟ, ಅದಕ್ಕೆ ತಾತನ ಮೌನ ಸಮ್ಮತಿ.

ಬಿಳಿ ಕುದುರೆಯ ಗುಡ್ಡಕ್ಕೆ

ಕಾರಿನ ಪರೀಕ್ಷೆಗೆ ಆರಿಸಿದ ದಾರಿ ಚೆಲುವಾದದ್ದು. ಎರಡೇ ಆಸನದ ಕಾರಾದ್ದರಿಂದ ತಾತ, “ನೀವೇ ಹೋಗಿ ಬನ್ನಿ ಮೇಷ್ಟ್ರೇ, ನನಗೆ ಸದ್ದು ಕೇಳಿದರೆ ಸಾಕು” ಎಂದು ಗೇಟಿನ ಬಳಿ ನಿಂತರು.

ಅಬಿಂಗ್ಡನ್ನಿನಿಂದ ಪಶ್ಚಿಮಕ್ಕೆ ಹೊರಟು ವಾಂಟೇಜ್ ಎಂಬ ಊರು ಮುಟ್ಟಿದೆವು. ಒಂಬತ್ತನೆಯ ಶತಮಾನದ ಆಲ್ಫ್ರೆಡ್ ಮಹಾರಾಜ ಹುಟ್ಟಿದ ಊರದು. ಪೇಟೆಯ ಚೌಕದಲ್ಲಿ ಅವನ ಪ್ರತಿಮೆಯಿದೆ. ಅಲ್ಲಿಂದ ಸುಣ್ಣಕಲ್ಲಿನ ಬೆಟ್ಟಸಾಲಿನ ಬುಡದಲ್ಲೇ ಕಿರಿದಾದ ರಸ್ತೆ ಹಾವಿನಂತೆ ಹೊರಳುತ್ತ ಸಾಗುತ್ತದೆ. ಎಡಕ್ಕೆ ಹಸಿರು ಇಳಿಜಾರು, ಬಲಕ್ಕೆ ಗೋಧಿ ಹೊಲಗಳ ಬಯಲು. ತಿರುವು, ಏರು, ಮತ್ತೆ ತಿರುವು. ಹಿಂದಿನ ವಾರ ಕಬ್ಬಿನ ಗಾಡಿಯಂತಿದ್ದ ಕಾರು ಈಗ ಮೈ ಬಿಗಿಹಿಡಿದು ಹೆಜ್ಜೆ ಇಡುವಂತೆ ಸಾಗಿತು. ಉಬ್ಬು ಬಂದರೆ ಒಮ್ಮೆ ಎದ್ದು ಕೂರುತ್ತಿತ್ತು, ಅಷ್ಟೇ. ಸ್ಟೇರಿಂಗಿನ ನಡುಕ ಮಾಯವಾಗಿತ್ತು. ಒಂದು ತಿರುವಿನಲ್ಲಿ ಎದುರಿನಿಂದ ಟ್ರ್ಯಾಕ್ಟರ್ ಬಂದಾಗ ಆಕೆ ಸರಕ್ಕನೆ ಎಡಕ್ಕೆ ಸರಿದು ಮತ್ತೆ ನೇರಕ್ಕೆ ತಂದಳು. ಕಾರು ಹೇಳಿದಂತೆ ಕೇಳಿತು. ಹಳೆಯ ಸ್ಥಿತಿಯಲ್ಲಿದ್ದಿದ್ದರೆ ಏನಾಗುತ್ತಿತ್ತೋ ಎಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಯಫಿಂಗ್ಟನ್ ಬಳಿಯ ಗುಡ್ಡದ ಮೇಲೆ ಸುಮಾರು 110 ಮೀಟರ್ ಉದ್ದದ ಬಿಳಿ ಕುದುರೆಯ ಚಿತ್ರವಿದೆ. ಹುಲ್ಲು ಕೆತ್ತಿ, ಕಾಲುವೆ ತೋಡಿ, ಅದಕ್ಕೆ ಬಿಳಿ ಸುಣ್ಣಕಲ್ಲು ತುಂಬಿ ಬರೆದದ್ದು. ಮಣ್ಣಿನ ಕಣಗಳು ಕಡೆಯ ಬಾರಿ ಬಿಸಿಲು ಕಂಡದ್ದೆಂದು ಎಂದು ಅಳೆಯುವ ವಿಧಾನದಿಂದ ಇದು ಸುಮಾರು ಮೂರು ಸಾವಿರ ವರ್ಷ ಹಳೆಯದೆಂದು ತಿಳಿದುಬಂದಿದೆ. ಎರಡನೆಯ ಮಹಾಯುದ್ಧದಲ್ಲಿ ಶತ್ರು ವಿಮಾನಗಳಿಗೆ ಗುರುತಾಗದಿರಲೆಂದು ಇದನ್ನು ಮುಚ್ಚಿಟ್ಟಿದ್ದರು.

ಈ ಕುದುರೆಯ ಗುಟ್ಟೆಂದರೆ, ಸುಮ್ಮನೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಹುಲ್ಲು ಬೆಳೆದು ಅದು ಮರೆಯಾಗುತ್ತದೆ. ಕಾಲದಿಂದ ಕಾಲಕ್ಕೆ ಸುತ್ತಲಿನವರು ಕಳೆ ಕಿತ್ತು, ಹೊಸ ಸುಣ್ಣಕಲ್ಲು ಸುರಿದು ಕುಟ್ಟುತ್ತ ಬಂದಿದ್ದಾರೆ. ಈಗಲೂ ಸ್ವಯಂಸೇವಕರು ಸುತ್ತಿಗೆ ಹಿಡಿದು ಆ ಕೆಲಸ ಮಾಡುತ್ತಾರೆ. ಇಂದು ಕಣ್ಣಿಗೆ ಕಾಣುವ ಸುಣ್ಣಕಲ್ಲು ಮೂರು ಸಾವಿರ ವರ್ಷದ ಹಿಂದಿನದಲ್ಲ. ಗೆರೆ ಮಾತ್ರ ಅಂದಿನದು. ಗೆರೆ ತಪ್ಪದಂತೆ ವಸ್ತುವನ್ನು ಬದಲಿಸುತ್ತ ಹೋದದ್ದರಿಂದಲೇ ಕುದುರೆ ಉಳಿದಿದೆ. ಹೊಸ ಕಿಂಗ್ ಪಿನ್ನು, ಹೊಸ ಬುಷ್ಷು ಹಾಕಿಸಿಕೊಂಡು ಗುಡ್ಡದ ಕೆಳಗೆ ನಿಂತಿದ್ದ ಹಸಿರು ಕಾರಿಗೂ ಈ ಮಾತು ಸಲ್ಲುತ್ತದೆ.

ಹಿಂದಿರುಗುವಾಗ, ಕೊಳವೆಯ ಕಿಟ್ಟು ಯಾವಾಗ ತರಿಸುತ್ತೀಯಮ್ಮ ಎಂದು ಕೇಳಿದೆ. “ಸದ್ಯಕ್ಕೆ ಬೇಡ, ಮೇಷ್ಟ್ರೇ. ಇದರ ಎಣ್ಣೆಯ ಮಟ್ಟ ನೋಡುವುದನ್ನು ಕಲಿತಿದ್ದೇನೆ” ಎಂದಳು.

ಹೋಗುವುದು ಹೇಗೆ

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಆಕ್ಸ್‌ಫರ್ಡಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಬಿಂಗ್ಡನ್ನಿನಲ್ಲಿ ರೈಲು ನಿಲ್ದಾಣವಿಲ್ಲ. ಆಕ್ಸ್‌ಫರ್ಡಿನಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಕೌಂಟಿ ಹಾಲ್ ಪೇಟೆಯ ನಡುವೆಯೇ ಇದೆ. ನದಿಯ ಸೇತುವೆ, ಚರ್ಚು, ಹಳೆಯ ಮಠದ ಉದ್ಯಾನ ಎಲ್ಲವೂ ನಡಿಗೆಯ ದೂರದಲ್ಲಿವೆ. ಬಿಳಿ ಕುದುರೆಯ ಗುಡ್ಡಕ್ಕೆ ಸ್ವಂತ ವಾಹನವಿದ್ದರೆ ಅನುಕೂಲ. ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಹಗಲು ದೀರ್ಘವಾಗಿದ್ದು ಚಳಿಯೂ ಅಷ್ಟಿರುವುದಿಲ್ಲ. ಗುಡ್ಡದ ಮೇಲೆ ಗಾಳಿ ಮಾತ್ರ ಜೋರು. ಬೇಸಿಗೆಯೆಂದು ನಂಬಿ ಸ್ವೆಟರ್ ಬಿಟ್ಟು ಹೋಗಬೇಡಿ.